ಒಗೆಯುವ ಹಾಳೆ ಆರ್ಡರ್ ಮಾಡೋಣ್ವಾ? ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಪ್ಪ: ಮೇಲೆ ಹಾಕಿರುವ ವಿಡಿಯೋ ಎಲ್ಲರೂ ನೋಡಿ. ಬಟ್ಟೆ ಒಗೆಯುವ ಹಾಳೆ. ಮೆಷಿನ್‌ಗೆ ಒಂದು ಹಾಕಿದರೆ ಪೂರ್ತಿ ಕರಗುತ್ತದೆ, ಪ್ಲಾಸ್ಟಿಕ್ಕೇ ಇಲ್ಲ ಅಂತಾರೆ. ಎಲ್ಲರಿಗೂ ಸೇರಿಸಿ ನಾನೇ ಆರ್ಡರ್ ಮಾಡುತ್ತೇನೆ, ಎಷ್ಟು ಬೇಕು ಹೇಳಿ.

ಸರೋಜತ್ತೆ: ನಮ್ಮ ನಿಟುವಳ್ಳಿ ಬೋರ್ ನೀರಿಗೆ ಅದು ಕೆಲಸ ಮಾಡುತ್ತಾ? ಬಿಳಿ ಪಂಚೆ ಎಲ್ಲಾ ಮಾಸಲು ಬಣ್ಣಕ್ಕೆ ಬಂದಿವೆ. ಟವೆಲ್ ಒಣಗಿದರೆ ಹಪ್ಪಳದ ಹಾಗೆ ಬಿರುಸಾಗುತ್ತದೆ.

ಲತಾ: ಚಿಕ್ಕಪ್ಪ, ಆರ್ಡರ್ ಸ್ವಲ್ಪ ತಡೀರಿ. ಕರಗಿತು ಅಂದರೆ ಕಣ್ಣಿಗೆ ಕಾಣಲ್ಲ ಅಂತ ಮಾತ್ರ. ಅಂಥ ಬಹಳಷ್ಟು ಹಾಳೆಗಳಲ್ಲಿ ಪಾಲಿವಿನೈಲ್ ಆಲ್ಕೋಹಾಲ್ ಇರುತ್ತದೆ, ಅದೂ ಒಂದು ಪಾಲಿಮರ್ರೇ, ಅಂದರೆ ಪ್ಲಾಸ್ಟಿಕ್‌ನ ಹಾಗೆ ಸಣ್ಣ ಅಣುಗಳು ಉದ್ದಕ್ಕೆ ಪೋಣಿಸಿಕೊಂಡ ಸರಪಳಿ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಇವೆ, 1973ರಲ್ಲೇ ಜಪಾನಿನವರು ಅಂಥದ್ದೊಂದನ್ನು ಮಣ್ಣಿನಲ್ಲಿ ಗುರುತಿಸಿದ್ದರು. ಆದರೆ ಅವು ಎಲ್ಲ ಕಡೆ ಇರಲ್ಲ. ಆ ಪಾಲಿಮರ್ ದಿನಾ ಬಂದು ಸೇರುವ ಚರಂಡಿ ನೀರಿನ ಶುದ್ಧೀಕರಣ ಘಟಕದಲ್ಲಿ ಚೆನ್ನಾಗಿ ಕೊಳೆಯುತ್ತದೆ, ಬೇರೆ ಕಡೆ ತುಂಬಾ ನಿಧಾನ.

ಚಿಕ್ಕಪ್ಪ: ಹಾಗಾದರೆ ಪುಡಿ ಒಳ್ಳೆಯದಾ? ಅದರಲ್ಲಿ ಪಾಲಿಮರ್ ಇಲ್ವಾ?

ಲತಾ: ಪುಡಿಯಲ್ಲೂ ಇದೆ, ನನಗೆ ಜಾಸ್ತಿ ಚಿಂತೆ ಇರುವುದು ಅಲ್ಲೇ. ಅತ್ತೆ ಹೇಳಿದ ತೊಂದರೆಗೇ ಅದನ್ನು ಹಾಕುವುದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಪುಡಿಯಲ್ಲಿರುವ ವಾಷಿಂಗ್ ಸೋಡಾ ಜೊತೆ ಸೇರಿ ಸಣ್ಣ ಸುಣ್ಣದ ಕಣ ಆಗುತ್ತದೆ, ಅದು ಕೊಳೆಯ ಸಮೇತ ಬಟ್ಟೆ ಮೇಲೆ ಕೂರುತ್ತದೆ. ಪಾಲಿಅಕ್ರಿಲೇಟ್ ಅನ್ನುವ ಉದ್ದನೆಯ ಸರಪಳಿ ಈ ಕಣಗಳಿಗೆ ಅಂಟಿಕೊಂಡು ಅವು ಒಂದಕ್ಕೊಂದು ಸೇರದ ಹಾಗೆ ದೂರ ಇಡುತ್ತದೆ, ಎಲ್ಲಾ ನೀರಿನ ಜೊತೆ ಹೊರಗೆ ಹೋಗುತ್ತದೆ. ಕೆಲಸ ಬಹಳ ಚೆನ್ನಾಗಿ ಮಾಡುತ್ತದೆ. ಆದರೆ ಅದರ ಬೆನ್ನೆಲುಬು ಪೂರ್ತಿ ಕಾರ್ಬನ್‌ಗೆ ಕಾರ್ಬನ್ ಜೋಡಣೆ. ಸೂಕ್ಷ್ಮಜೀವಿಗಳಿಗೆ ಅದನ್ನು ಕತ್ತರಿಸಲು ಸುಲಭದ ಜಾಗ ಸಿಗಲ್ಲ.

ಮಂಜು: ಲತಕ್ಕ, ನಮ್ಮನೆ ಪ್ಯಾಕೆಟ್ ಮೇಲೆ ಬಯೋಡಿಗ್ರೇಡಬಲ್ ಅಂತ ದಪ್ಪಗೆ ಬರೆದಿದೆಯಲ್ಲ?

ಲತಾ: ಸಾಮಾನ್ಯವಾಗಿ ಅದು ನೊರೆ ಬರಿಸುವ, ಜಿಡ್ಡು ತೆಗೆಯುವ ವಸ್ತುವಿನ ಬಗ್ಗೆ ಮಂಜು. ಅದು ಹಿಂದೆ ಗೆದ್ದ ಜಗಳ. 1950ರ ದಶಕದ ಡಿಟರ್ಜೆಂಟ್ ಕೊಳೆಯುತ್ತಿರಲಿಲ್ಲ, ಜರ್ಮನಿಯ ನದಿಗಳ ಮೇಲೆ ನೊರೆಯ ಗುಡ್ಡೆ ನಿಲ್ಲುತ್ತಿತ್ತು. 1961ರಲ್ಲಿ ಅಲ್ಲಿ ಕಾನೂನು ತಂದರು. ಅಮೆರಿಕದ ಕಂಪನಿಗಳೂ 1965ರ ಹೊತ್ತಿಗೆ ಕವಲೊಡೆದ ಅಣು ಬಿಟ್ಟು ಸುಲಭವಾಗಿ ಕೊಳೆಯುವ ನೇರ ಸರಪಳಿಯ ಅಣುವಿಗೆ ಬಂದವು. ಪಾಲಿಮರ್ ನೊರೆ ಮಾಡಲ್ಲ, ಅದಕ್ಕೇ ಯಾರೂ ಕೇಳಲಿಲ್ಲ.

ಚಿಕ್ಕಪ್ಪ: ನೀನು ಸುಮ್ನೆ ಹೆದರಿಸ್ತಿದ್ದೀಯ. ಪುಡಿಯಲ್ಲಿ ಅದು ಇರುವುದು ಚೂರು. ಅದರಿಂದ ಮೀನು ಸಾಯುತ್ತಾ?

ಲತಾ: ಇಲ್ಲ, ಮೀನಿಗೆ ಅದು ದೊಡ್ಡ ವಿಷ ಅಲ್ಲ, ಹಾಗಂತ ನಾನು ಹೇಳಲ್ಲ. ಆದರೆ ಪ್ರತಿ ಮನೆಯಿಂದ, ಪ್ರತಿ ಒಗೆತಕ್ಕೂ ಚೂರು ಚೂರೇ ಹೋಗುತ್ತದೆ, ಹೋದದ್ದನ್ನು ವಾಪಸ್ ತರಲು ದಾರಿ ಇಲ್ಲ. ಶುದ್ಧೀಕರಣ ಘಟಕದಲ್ಲೂ ಬಹಳಷ್ಟು ಕೊಳೆಯಲ್ಲ, ಕೆಸರಿಗೆ ಅಂಟಿಕೊಂಡು ಕೂರುತ್ತದೆ.

ಮಂಜು: ಆ ಕೆಸರನ್ನೇ ಗೊಬ್ಬರ ಅಂತ ಹೊಲಕ್ಕೆ ಹಾಕೋದೂ ಉಂಟಲ್ಲ!

ಲತಾ: ಹೌದು, ಅದೇ.

ಚಿಕ್ಕಪ್ಪ: ಸರಿ, ಹಾಗಿದ್ದರೆ ಕೊಳೆಯುವ ಪಾಲಿಮರ್ ಮಾಡಬಹುದಲ್ಲ? ನಿಮ್ಮಂಥವರು ಲ್ಯಾಬಲ್ಲಿ ಕೂತು ಏನು ಮಾಡ್ತಿದ್ದೀರಿ?

ಲತಾ: ಅದನ್ನೇ ಮಾಡ್ತಿದ್ದೇವೆ ಚಿಕ್ಕಪ್ಪ. ಪಾಲಿಆಸ್ಪಾರ್ಟಿಕ್ ಆಸಿಡ್ ಅಂತ ಒಂದಿದೆ, ಅಮೈನೋ ಆಸಿಡ್‌ನಿಂದ ಆದದ್ದು, ಪ್ರೋಟೀನಿನ ಥರದ ಕೊಂಡಿ ಇರುತ್ತದೆ, ಸೂಕ್ಷ್ಮಜೀವಿ ಅಲ್ಲಿ ಕತ್ತರಿಸುತ್ತದೆ. ಅದಕ್ಕೆ ಅಮೆರಿಕದಲ್ಲಿ 1996ರಲ್ಲೇ ಹಸಿರು ರಸಾಯನಶಾಸ್ತ್ರದ ಪ್ರಶಸ್ತಿ ಬಂದಿದೆ. ಪಿಷ್ಟ, ಸೆಲ್ಯುಲೋಸ್‌ನಿಂದ ಮಾಡುವವರೂ ಇದ್ದಾರೆ. ಕಷ್ಟ ಎಲ್ಲಿ ಗೊತ್ತಾ? ಲಿಕ್ವಿಡ್ ಡಿಟರ್ಜೆಂಟ್ ಒಳಗೇ ಕಲೆ ತೆಗೆಯಲು ಕಿಣ್ವ ಹಾಕಿರುತ್ತಾರೆ. ಒಂದು ಪ್ರೋಟೀನ್ ಒಡೆಯುತ್ತದೆ, ಇನ್ನೊಂದು ಪಿಷ್ಟ ಒಡೆಯುತ್ತದೆ. ನಾವು ಹಾಕಿದ ಪಾಲಿಮರ್ ಅನ್ನೂ ಅವು ಬಾಟಲಿಯಲ್ಲೇ ತಿಂದು ಮುಗಿಸಬಹುದು! ಅಂಗಡಿಯಲ್ಲಿ ತಿಂಗಳುಗಟ್ಟಲೆ ಗಟ್ಟಿ ಇರಬೇಕು, ಕ್ಷಾರದ ನೀರಿನಲ್ಲಿ ಕೆಲಸ ಮಾಡಬೇಕು, ಚರಂಡಿ ಸೇರಿದ ಮೇಲೆ ಬೇಗ ಒಡೆಯಬೇಕು. ಈ ಮೂರೂ ಒಂದೇ ಅಣುವಿನಲ್ಲಿ ಬೇಕು. ಮೇಲಿಂದ ರೇಟೂ ಜಾಸ್ತಿ ಆಗಬಾರದು.

ಚಿಕ್ಕಪ್ಪ: ರೇಟು ಜಾಸ್ತಿ ಆದರೆ ಯಾರೂ ತಗೊಳಲ್ಲ, ಅದು ನಿಜ. ಈಗ ಈ ಹಾಳೆಯವರಿಗೆ ಏನು ಕೇಳಬೇಕು ಹೇಳು.

ಲತಾ: ಯಾವ ಪಾಲಿಮರ್ ಹಾಕಿದ್ದೀರಿ ಅಂತ ಕೇಳಿ. ವಸ್ತು ಬೇಗ ಕೊಳೆಯುತ್ತದಾ ಅಂತ ನೋಡುವ ಒಇಸಿಡಿ 301 ಅನ್ನುವ ಅಂತರರಾಷ್ಟ್ರೀಯ ಪರೀಕ್ಷೆ ಮಾಡಿಸಿದ್ದೀರಾ, ಮಾಡಿಸಿದ್ದರೆ ಆ ಪಾಲಿಮರ್‌ಗಾ ಅಥವಾ ಬರೀ ಸೋಪಿನ ಅಂಶಕ್ಕಾ ಅಂತಲೂ ಕೇಳಿ. ಆ ಪರೀಕ್ಷೆಯಲ್ಲಿ ಎಷ್ಟು ಆಮ್ಲಜನಕ ಬಳಕೆಯಾಯಿತು ಅಂತ ಅಳೆದರೆ 28 ದಿನದಲ್ಲಿ, ಪೂರ್ತಿ ಕೊಳೆಯಲು ಬೇಕಾದುದರ 60% ಆದರೂ ದಾಟಬೇಕು. ನೀರಿನಲ್ಲಿ ಕರಗುತ್ತದೆ ಅಂತಷ್ಟೇ ಉತ್ತರ ಬಂದರೆ ಬೇಡ.

ಸರೋಜತ್ತೆ: ಅಲ್ಲಿವರೆಗೂ ನನ್ನ ಪಂಚೆಗಳ ಕಥೆ?

ಲತಾ: ಅತ್ತೆ, ಬಿಳಿ ಬಟ್ಟೆಗೆ ಮಾತ್ರ ನಲ್ಲಿ ನೀರು ಹಿಡಿದಿಟ್ಟುಕೊಳ್ಳಿ, ಬೋರ್ ನೀರಿಗಿಂತ ಮೆತ್ತಗಿರುತ್ತದೆ. ಪುಡಿ ಕೂಡ ಅರ್ಧಕ್ಕರ್ಧ ಕಡಿಮೆ ಹಾಕಿ ನೋಡಿ.

ಚಿಕ್ಕಪ್ಪ: ಮೇಲ್ ಹಾಕಿದ್ದೇನೆ. ಆದರೂ ಒಂದು ಪ್ಯಾಕೆಟ್ ತರಿಸ್ತೀನಿ ಲತಾ, ಅದರ ಹಿಂದೆ ಏನು ಬರೆದಿದ್ದಾರೆ ಅಂತ ನೀನೇ ಓದಿ ಹೇಳು.

ಲತಾ: ತರಿಸಿ. ಎರಡೂ ಕಡೆ ಫೋಟೋ ತೆಗೆದು ಇಲ್ಲೇ ಹಾಕಿ.