ಅಪ್‌ಡೇಟ್: ಹಡಗಿಂದ ನಾವೇ ಇಳಿದು ಸುತ್ತಾಡಿ ಬಂದ್ವಿ

ಗ್ರೀಸ್ ಕ್ರೂಸ್‌ನಲ್ಲಿ ಹಡಗಿನವರ ಟೂರ್ ತಗೊಳ್ಳದೆ ನಾವೇ ಊರು ನೋಡಬಹುದಾ ಅಂತ ಕೇಳಿದ್ನಲ್ಲ, ಧಾರಾಳವಾಗಿ ನೋಡಬಹುದು. ಮೊನ್ನೆ ನಮ್ಮೂರು ಸಾಗರಕ್ಕೆ ವಾಪಸ್ ಬಂದ್ವಿ.

ಅಥೆನ್ಸ್‌ನ ಬಂದರು ಪಿರೇಯಸ್‌ನಲ್ಲಿ ಹಡಗು ಧಕ್ಕೆಗೇ ಬಂದು ನಿಲ್ಲುತ್ತೆ. ಇಳಿದು ಮೆಟ್ರೋದಲ್ಲಿ ಅಥೆನ್ಸ್‌ಗೆ ಹೋದ್ವಿ. ಸ್ಯಾಂಟೊರಿನಿ ದ್ವೀಪದ್ದೇ ಕಥೆ. ಹಡಗು ನೀರಲ್ಲೇ ನಿಂತು, ಸಣ್ಣ ಬೋಟಲ್ಲಿ ದಡಕ್ಕೆ ಬಿಡ್ತಾರೆ. ಟೂರ್‌ನವರು ಮೊದಲು, ನಮಗೆ ಟೋಕನ್. ಒಂದೂವರೆ ಗಂಟೆ ಕಾದು ಅಮ್ಮ, "ಸಿಗಂದೂರು ಲಾಂಚೇ ವಾಸಿ ಮಾರಾಯ್ತಿ" ಅಂದ್ರು. (ಶರಾವತಿ ಹಿನ್ನೀರು ದಾಟಿಸೋ ಲಾಂಚ್ ಅದು. ಅಲ್ಲೂ 2025ರಲ್ಲಿ ಸೇತುವೆ ಆಯ್ತು ಬಿಡಿ.) ದಡದಿಂದ ಗುಡ್ಡದ ಮೇಲಿನ ಫಿರಾ ಊರಿಗೆ ಹತ್ತಲು ಕೇಬಲ್ ಕಾರ್, ಇಲ್ಲಾಂದ್ರೆ ಸುಮಾರು 600 ಮೆಟ್ಟಿಲು, ಕತ್ತೆ ಲದ್ದಿ ಸಮೇತ. ಇಳಿಯುವಾಗ ಕೇಬಲ್ ಕಾರಿಗೆ ಭಾರೀ ಕ್ಯೂ. ಕೊನೇ ಬೋಟಿಗೆ ಎರಡು ಗಂಟೆ ಮೊದಲೇ ಹೊರಡಿ. ಅವರ ಟೂರ್‌ನವರಿಗೆ ಕಾಯೋ ಹಡಗು ನಮಗೆ ಕಾಯಲ್ಲ.