ಅಪ್ಪ-ಅಮ್ಮನ ಜೊತೆ ಪೆರು ಪ್ರವಾಸ: ಹೋಗಿ ಬಂದವರು ಹೇಳಿದ್ದು

ಪ್ರಶ್ನೆ: ಜೂನ್‌ನಲ್ಲಿ ಮೂರು ಮನೆಯವರು ಸೇರಿ ಪೆರುವಿಗೆ ಹೊರಟಿದ್ದೇವೆ. ಅಪ್ಪ-ಅಮ್ಮನಿಗೆ ಅರವತ್ತೈದು ದಾಟಿದೆ. ಅರ್ಧ ಜನ ಸಸ್ಯಾಹಾರಿಗಳು. ಕುಸ್ಕೋ, ಮಾಚು ಪಿಚ್ಚು ನೋಡಲೇಬೇಕು. ಏನೇನು ಗಮನದಲ್ಲಿ ಇಟ್ಟುಕೊಳ್ಳಬೇಕು?

ಉತ್ತರ 1
ಮೊದಲ ರಾತ್ರಿ ಕುಸ್ಕೋದಲ್ಲಿ ಉಳಿಯಬೇಡಿ. ಉಳಿದದ್ದೆಲ್ಲ ಆಮೇಲೆ. ಲಿಮಾ ಇರುವುದು ಸಮುದ್ರದ ದಡದಲ್ಲಿ. ಅಲ್ಲಿ ವಿಮಾನ ಹತ್ತಿದರೆ ಇಳಿಯುವುದು ಸುಮಾರು 3,400 ಮೀಟರ್ ಎತ್ತರದ ಕುಸ್ಕೋದಲ್ಲಿ. ಅಲ್ಲಿನ ತೆಳು ಗಾಳಿಗೆ ಮೈ ಒಗ್ಗಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ನಮ್ಮ ಗುಂಪಿನಲ್ಲಿ ದಿನಾ ಓಡುವ ಹುಡುಗನೇ ತಲೆ ಹಿಡಿದುಕೊಂಡು ಕೂತ, ಅತ್ತೆ ಆರಾಮಾಗಿ ಓಡಾಡಿಕೊಂಡಿದ್ದರು! ಹಾಗಾಗಿ ವಯಸ್ಸಾದವರನ್ನು ಮಾತ್ರ ನೋಡಿಕೊಂಡರೆ ಸಾಲದು.

ವಿಮಾನ ಇಳಿದವರು ನೇರ ಉರುಬಾಂಬಾ ಕಣಿವೆಗೆ ಹೋಗಿಬಿಡಿ. ಅಲ್ಲಿನ ಒಲ್ಲಂಟಾಯ್ಟಾಂಬೋ ಊರು ಸುಮಾರು 2,800 ಮೀಟರ್. ಮಾಚು ಪಿಚ್ಚು ಇನ್ನೂ ಕೆಳಗೆ, 2,430. ಕುಸ್ಕೋ ಕೊನೆಗಿರಲಿ. ‘ದಾರಿಯಲ್ಲೇ ಇದೆ’ ಅಂತ ಟೂರಿನವರು ಮೊದಲ ದಿನವೇ ಚಿಂಚೆರೋ ಅನ್ನುವ ನೇಕಾರರ ಊರಿನಲ್ಲಿ ನಿಲ್ಲಿಸಲು ನೋಡುತ್ತಾರೆ. ಅದು ಕುಸ್ಕೋಗಿಂತಲೂ ಎತ್ತರ. ವಾಪಸ್ ಬರುವಾಗ ನೋಡುತ್ತೇವೆ ಅಂತ ಖಡಾಖಂಡಿತವಾಗಿ ಹೇಳಿ.

ಹೋಟೆಲಿನಲ್ಲಿ ಕೋಕಾ (ಕೊಕೇನ್ ತೆಗೆಯುವ ಗಿಡ) ಎಲೆಯ ಚಹಾ ಕೊಡುತ್ತಾರೆ. ಅಲ್ಲಿ ಅದು ಮಾಮೂಲು. ಆದರೆ ಅದರ ಒಂದು ಪೊಟ್ಟಣವನ್ನೂ ಬ್ಯಾಗಿಗೆ ಹಾಕಿಕೊಂಡು ಬರಬೇಡಿ, ನಮ್ಮಲ್ಲಿ ಕೋಕಾ ಎಲೆ ಕಾನೂನುಬಾಹಿರ. ಬಿಪಿ, ಹೃದಯದ ತೊಂದರೆ ಇರುವವರು ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ.

ಉತ್ತರ 2
ಊಟದ ಚಿಂತೆ ಜಾಸ್ತಿ ಬೇಡ. ಆಲೂಗಡ್ಡೆ, ಕಿನ್ವಾ, ದಪ್ಪ ಕಾಳಿನ ಮೆಕ್ಕೆಜೋಳದ ಜೊತೆ ಚೀಸ್, ಎಲ್ಲಾ ಕಡೆ ಸಿಗುತ್ತದೆ. ಸೂಪ್ ಬಗ್ಗೆ ಮಾತ್ರ ಹುಷಾರು. ಬಟ್ಟಲಲ್ಲಿ ಬರೀ ತರಕಾರಿ ಕಂಡರೂ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ಕೇಳಿಯೇ ತರಿಸಿಕೊಳ್ಳಿ. ಒಂದು ಡಬ್ಬಿ ಚಟ್ನಿಪುಡಿ ಇದ್ದರೆ ಒಳ್ಳೆಯದು, ಅಲ್ವಾ?

ಉತ್ತರ 3
ಮೊದಲು ಮಾಚು ಪಿಚ್ಚು ಟಿಕೆಟ್ ಮಾಡಿಸಿ, ಹೋಟೆಲ್ ಆಮೇಲೆ. ಜೂನ್ ಅಂದರೆ ಭಾರೀ ಸೀಸನ್. ಟಿಕೆಟ್‌ನಲ್ಲಿ ದಿನ, ಗಂಟೆ, ಒಳಗೆ ನಡೆಯುವ ದಾರಿ (ಸರ್ಕ್ಯೂಟ್) ಎಲ್ಲವೂ ಮೊದಲೇ ನಿಗದಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಬೇಕು. ಎಲ್ಲರ ಟಿಕೆಟ್ ಒಟ್ಟಿಗೆ ತೆಗೆಯದಿದ್ದರೆ ಗುಂಪು ಒಡೆದುಹೋಗುತ್ತದೆ. ಮಂಡಿ ನೋವಿನವರಿಗೆ ಮೂರನೇ ಸರ್ಕ್ಯೂಟ್ ವಾಸಿ, ಕೆಳಭಾಗದಲ್ಲೇ ಸುತ್ತುತ್ತದೆ. ಶೌಚಾಲಯ ಇರುವುದು ಗೇಟಿನ ಹೊರಗೆ ಮಾತ್ರ, ಹೋಗಿಯೇ ಒಳಗೆ ಹೊರಡಿ.

ಚಿಂಚೆರೋ ತಪ್ಪಿಸಬೇಡಿ. ಕಲ್ಲಿನ ಗೋಡೆ ನೋಡಿ ನೋಡಿ ಸಾಕಾದವರಿಗೂ ಅಲ್ಲಿ ಜೀವ ಬರುತ್ತದೆ. ನೇಕಾರ ಹೆಂಗಸೊಬ್ಬರು ಒಂದು ಗಡ್ಡೆಯನ್ನು ನೀರಿಗೆ ತುರಿದರು. ನಮ್ಮ ಅಂಟುವಾಳದ ಹಾಗೆ ನೊರೆ ಬಂತು, ಕೊಳಕು ಉಣ್ಣೆ ಅದರಲ್ಲೇ ಬೆಳ್ಳಗಾಯಿತು. ಆಮೇಲೆ ಪಾಪಾಸುಕಳ್ಳಿಯಿಂದ ಬಿಡಿಸಿ ಒಣಗಿಸಿದ ಕೊಚಿನೀಲ್ ಹುಳವನ್ನು ಅಂಗೈಯಲ್ಲಿ ಅರೆದರು, ಕಡುಗೆಂಪು. ಅದಕ್ಕೆ ನಿಂಬೆರಸ ಹಿಂಡಿದರೆ ಕಿತ್ತಳೆ! ಅಮ್ಮ ಅಲ್ಲಿಂದ ಏಳಲೇ ಇಲ್ಲ. ಕೊನೆಗೆ ಶಾಲು ಕೊಳ್ಳಿ ಅಂತ ಮುಂದಿಡುತ್ತಾರೆ, ಬೇಡವಾದರೆ ಬೇಡ ಅನ್ನಿ, ಬೇಜಾರಿಲ್ಲ.

ಉತ್ತರ 4
ಜೂನ್ 24ಕ್ಕೆ ಕುಸ್ಕೋದಲ್ಲಿ ಇಂಟಿ ರೈಮಿ, ಇಂಕಾ ಜನರ ಸೂರ್ಯನ ಹಬ್ಬ. ಸ್ಪೇನಿನವರು ನಿಲ್ಲಿಸಿದ್ದ ಇದನ್ನು 1944ರಲ್ಲಿ ಮತ್ತೆ ಶುರು ಮಾಡಿದರು. ಬೆಳಗ್ಗೆ ಕೊರಿಕಾಂಚಾ ಅನ್ನುವ ಹಳೆಯ ಸೂರ್ಯ ದೇಗುಲದಲ್ಲಿ ಶುರುವಾಗಿ ಸಕ್ಸಾಯ್ವಾಮಾನ್ ಕೋಟೆಯಲ್ಲಿ ಮುಗಿಯುತ್ತದೆ. ಆ ವಾರ ರೂಮು ಸಿಗುವುದು ಕಷ್ಟ, ಬೆಲೆಯೂ ಏರಿರುತ್ತದೆ. ನನ್ನನ್ನು ಕೇಳಿದರೆ, ವಯಸ್ಸಾದವರನ್ನು ಬಿಸಿಲಲ್ಲಿ ಗಂಟೆಗಟ್ಟಲೆ ಕೂರಿಸುವ ಬದಲು ತಿಂಗಳ ಮೊದಲ ವಾರವೇ ಹೋಗಿ ಬನ್ನಿ.