ಎರಿಟ್ರಿಯಾದ ಕುಟುಂಬ ಬರುತ್ತಿದೆ: ಸೋಫಾ ಬಿಟ್ಟು ಮತ್ತೇನು ಬೇಕು?

ಹ್ಯಾಮಿಲ್ಟನ್ ನಿವಾಸಿ:
ನಮಸ್ಕಾರ. ಇಲ್ಲಿ ಕೆನಡಾದಲ್ಲಿ ನಮ್ಮ ಸಣ್ಣ ಚರ್ಚ್ ಎರಿಟ್ರಿಯಾದ ನಿರಾಶ್ರಿತ ಕುಟುಂಬವೊಂದರ ಪ್ರಾಯೋಜಕತ್ವ ವಹಿಸಿಕೊಂಡಿದೆ, ಅಂದರೆ ಅವರ ಮೊದಲ ವರ್ಷದ ಮನೆ, ಖರ್ಚು ನಮ್ಮ ಹೊಣೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಸದ್ಯ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿದ್ದಾರೆ, ಜನವರಿ 3ಕ್ಕೆ ಬರುತ್ತಾರೆ. "ನೀನೂ ಹೊರಗಿನಿಂದ ಬಂದವನಲ್ಲವೇ" ಎಂದು ನನ್ನನ್ನು ಸಮಿತಿಗೆ ಹಾಕಿದರು. ನಾನು ಬಂದದ್ದು ಕಂಪನಿಯ ಟಿಕೆಟ್ಟಿನಲ್ಲಿ! ಈವರೆಗೆ ಮೂರು ಸೋಫಾ, ಹನ್ನೊಂದು ಹೊದಿಕೆ ಬಂದಿವೆ. ಅನ್ನ ಬೇಯಿಸಲು ಒಂದು ಪಾತ್ರೆಯಿಲ್ಲ. ಅನುಭವವಿದ್ದವರು ಹೇಳಿ.

ಕಿಚನರ್‌ನ ಉಡುಪಿಯವಳು:
ತಮ್ಮಾ, ಮೊದಲು ಅವರಿಗಾಗಿ ಹಿಡಿದ ಮನೆಯ ಬೀಗದ ಕೈ ಎಷ್ಟು ಜನರ ಬಳಿ ಇದೆ ನೋಡು.

ನಮ್ಮದು ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಸಭೆ. 1979ರಲ್ಲಿ ಕೆನಡಾ ಸರ್ಕಾರದೊಂದಿಗೆ ನಿರಾಶ್ರಿತರ ಪ್ರಾಯೋಜಕತ್ವದ ಒಪ್ಪಂದಕ್ಕೆ ಮೊದಲು ಸಹಿ ಹಾಕಿದ್ದು ನಮ್ಮವರೇ. ಅಷ್ಟು ಹಳಬರಾಗಿಯೂ ಎಡವಿದೆವು. 2016ರಲ್ಲಿ ಸಿರಿಯಾದ ಕುಟುಂಬ ಬಂದಾಗ ನಮ್ಮ ಮಹಿಳೆಯೊಬ್ಬರು ತಮ್ಮಲ್ಲಿದ್ದ ಕೀಲಿಯಿಂದ ಬಾಗಿಲು ತೆರೆದು ಫ್ರಿಜ್ಜಿನಲ್ಲಿ ಊಟ ಇಡಲು ಹೋದರು. ತಲೆಗೆ ವಸ್ತ್ರವಿಲ್ಲದೆ ನಿಂತಿದ್ದ ಆ ಮನೆಯ ಹೆಂಗಸು ಗಾಬರಿಯಿಂದ ಒಳಕ್ಕೆ ಓಡಿದಳು. ಕೀಲಿ ಮರುದಿನವೇ ಆ ಕುಟುಂಬದ ಕೈ ಸೇರಿತು.

ಎರಡನೆಯದು ಹಣ. ತಿಂಗಳ ಖರ್ಚಿಗೆ ಕೊಟ್ಟದ್ದಕ್ಕೆ ರಸೀದಿ ಕೇಳುತ್ತಿದ್ದೆವು. ಆ ಮನುಷ್ಯ ಬ್ರೆಡ್ಡಿನ ಚೀಲದ ತುಂಬ ಚೀಟಿ ತಂದು ಮೇಜಿನ ಮೇಲೆ ಸುರಿದ. ಈರುಳ್ಳಿ ಕೊಂಡ ಚೀಟಿಯೂ ಇತ್ತು. ಸಿರಿಯಾದ ಅಲೆಪ್ಪೊ ನಗರದಲ್ಲಿ ಅವನದೇ ಅಂಗಡಿಯಿತ್ತು, ಲೆಕ್ಕ ನಮಗಿಂತ ಚೆನ್ನಾಗಿ ಬರುತ್ತಿತ್ತು. ನಾನು ತಲೆ ಎತ್ತಲಿಲ್ಲ. ಅಂದಿನಿಂದ ಹಣ ನೇರವಾಗಿ ಅವರ ಖಾತೆಗೆ.

ಭಾನುವಾರ ಆರಾಧನೆಗೆ ಬರಬೇಕೇ ಎಂದು ಕೇಳಿದ. ಬೇಡ ಎಂದೆವು. ಬರಲಿಲ್ಲ. ಅದಕ್ಕೆ ಮುನಿಸಿಕೊಂಡವರು ಸಭೆಯಲ್ಲಿದ್ದರು, ಮುನಿಸಿಕೊಳ್ಳಲಿ.

ವಿನಿಪೆಗ್ ನಿವಾಸಿ:
ಅಕ್ಕ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ: ವಿಮಾನದ ಟಿಕೆಟ್ ಸಾಮಾನ್ಯವಾಗಿ ಸರ್ಕಾರ ಕೊಡುವ ಸಾಲ. 2018ರಿಂದ ಬಡ್ಡಿಯಿಲ್ಲ, ಆದರೆ ಅಸಲು ತೀರಿಸಲೇಬೇಕು. ನಾಲ್ಕನೆಯ ಸೋಫಾ ಬಂದರೆ ಬೇಡವೆಂದು ಹೇಳಿ ಆ ಸಾಲಕ್ಕೆ ಹಣ ಕೂಡಿಸಿ. ನಿಮ್ಮ ಹೊಣೆ ಹನ್ನೆರಡು ತಿಂಗಳದು. ಹದಿಮೂರನೆಯ ತಿಂಗಳ ಬಾಡಿಗೆ ಅವರ ದುಡಿಮೆಯಲ್ಲಿ ನಿಲುಕುವಂಥ ಮನೆಯೇ ಹೌದೇ ಎಂದು ಈಗಲೇ ನೋಡಿ. ಮೊದಲ ವಾರ ಆರೋಗ್ಯ ಕಾರ್ಡು, ಬ್ಯಾಂಕು, ಶಾಲೆ, ಮಕ್ಕಳ ಭತ್ಯೆಯ ಅರ್ಜಿ ಎಂದು ಓಡಾಟವಿರುತ್ತದೆ. ಮಕ್ಕಳನ್ನಂತೂ ದುಭಾಷಿಗಳಾಗಿ ಬಳಸಬೇಡಿ.

ಹ್ಯಾಮಿಲ್ಟನ್ ನಿವಾಸಿ:
ಧನ್ಯವಾದ. ಕೀಲಿ ಎಣಿಸಿದೆ, ಐದು ಜನರ ಬಳಿ ಇದೆ! ಮೊದಲ ರಾತ್ರಿಗೆ ನನ್ನ ಹೆಂಡತಿ ಕೋಳಿ ಸಾರು ಮಾಡುತ್ತೇನೆ ಎಂದಿದ್ದಾಳೆ.

ಕಿಚನರ್‌ನ ಉಡುಪಿಯವಳು:
ಅವರು ಆರ್ಥೊಡಾಕ್ಸ್ ಎಂಬ ಕ್ರೈಸ್ತ ಸಭೆಯವರೇ? ಹಾಗಿದ್ದರೆ ಅವರ ಕ್ರಿಸ್‌ಮಸ್ ಜನವರಿ 7. ಅಲ್ಲಿಯವರೆಗೆ ಉಪವಾಸದ ಕಾಲ. ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಫೋನಿನಲ್ಲಿ ಅವರನ್ನೇ ಕೇಳು.

ಹ್ಯಾಮಿಲ್ಟನ್ ನಿವಾಸಿ:
ಕೇಳಿದೆ. ಉಪವಾಸ ಹೌದಂತೆ. ತೊಗರಿಬೇಳೆ ಸಾರು, ಅನ್ನ ಎಂದು ತೀರ್ಮಾನವಾಯಿತು. ತುಪ್ಪ ಹಾಕಕೂಡದೆಂದು ನನ್ನವಳಿಗೆ ಎರಡು ಸಲ ಹೇಳಿದ್ದೇನೆ.